ಸೈಡ್‌ವಿಂಗಿನ ಕೂಸು

ಹಲಸೂರು
12 ಜೂನ್ 2024

ನಾಜಿಶ್ ಆಪಾ,

ಕ್ಷೇಮಸಮಾಚಾರ ಕೇಳಿ ಶುರು ಮಾಡುವಷ್ಟು ತಾಳ್ಮೆ ಇವತ್ತು ನನಗಿಲ್ಲ. ನೀವೇ ಮಾಡಿದ ನಿಯಮ ಇದು: ತಾಲೀಮಿನಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಕೈಯಲ್ಲಿ ಬರೆದು, ಫೋಟೋ ತೆಗೆದು ಕಳಿಸಬೇಕು. "ಫೋನಲ್ಲಿ ನೀವೆಲ್ಲ ಹೂಂ ಆಪಾ ಹೂಂ ಆಪಾ ಅಂತೀರಾ, ಕಾಗದದ ಮೇಲಾದ್ರೆ ಜಗಳ ಆಡ್ತೀರಾ. ನನಗೆ ಆ ಜಗಳಾನೇ ಬೇಕು, ನಾಟಕ ಅದರಿಂದಾನೇ ಹುಟ್ಟೋದು" ಎಂದಿದ್ದಿರಿ. ತಗೊಳ್ಳಿ, ಜಗಳ.

ನಿನ್ನೆ ಲೀಡ್ಸ್‌ಗೆ ವಿಮಾನ ಹತ್ತುವ ಮೊದಲು, ಕುಕ್ ಟೌನಿನ ನಮ್ಮ ತಾಲೀಮಿನ ಔಟ್‌ಹೌಸಿನಲ್ಲಿ, ಎಲ್ಲರ ಮುಂದೆ ಹೇಳಿದಿರಿ: "ಪ್ರತಿಭಾ, ನಾಳೆಯಿಂದ ಪಾಪು ಬೇಡ ಮಾ. ಎಲ್ಲರ ಗಮನ ಆ ಕಡೆಗೇ ಹೋಗುತ್ತೆ." ನಾನಿನ್ನೂ ತಲೆ ಎತ್ತಿರಲಿಲ್ಲ, ಅಷ್ಟರಲ್ಲಿ ಧ್ವನಿ ನೋಡಿಕೊಳ್ಳುವ ಅಕ್ತರ್ ಕಡೆ ತಿರುಗಿ, "ಆ ಅಳು ರೆಕಾರ್ಡ್ ಆಯ್ತಾ? ಕ್ಲೀನಾಗಿ ಬಂದಿದೆಯಾ?" ಎಂದು ಕೇಳಿದಿರಿ.

ನನ್ನ ಮಗಳ ಅಳು ಬೇಕು, ನನ್ನ ಮಗಳು ಬೇಡ. ಇದನ್ನು ಹೇಳುವಾಗ ನಿಮಗೆ ಒಂದು ಕ್ಷಣವಾದರೂ ನಾಲಿಗೆ ತಡವರಿಸಲಿಲ್ಲವಲ್ಲ, ಅದೇ ನನಗೆ ಆಶ್ಚರ್ಯ.

ಈ ನಾಟಕ ಎಲ್ಲಿಂದ ಬಂತು ಎಂದು ನೆನಪಿಸುತ್ತೇನೆ. ನಾನು ಬಸುರಿಯಾಗುವುದಕ್ಕೂ ಮುಂಚೆ, ನನ್ನ ಅಜ್ಜಿ ಪಾರ್ವತೆವ್ವನ ಕಥೆಯನ್ನು ನಿಮಗೆ ಹೇಳಿದ್ದೆ. ಗದಗಿನ ಕಡೆ ಕಂಪನಿ ನಾಟಕದಲ್ಲಿ ಅಜ್ಜಿ ನಾಯಕಿ. ಸೈಡ್‌ವಿಂಗಿನಲ್ಲಿ ಹಳೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿ ರಂಗಕ್ಕೆ ಹೋಗುತ್ತಿದ್ದಳು. ನಡುವೆ ಕೂಸು ಅತ್ತರೆ, "ತಡೀರಿ ಮಹಾರಾಜ, ದೇವರಿಗೆ ದೀಪ ಹಚ್ಚಿ ಬರ್ತೀನಿ" ಎಂದು ಅಲ್ಲೇ ಒಂದು ಮಾತು ಕಟ್ಟಿ ಒಳಗೆ ಬಂದು ಹಾಲು ಕುಡಿಸುತ್ತಿದ್ದಳು. ಅವಳು ವಾಪಸು ಬರುವ ತನಕ ಹಾರ್ಮೋನಿಯಂ ಮಾಸ್ತರರು ಒಂದು ಹಾಡನ್ನು ಎಳೆದೆಳೆದು ನುಡಿಸುತ್ತಿದ್ದರಂತೆ. ಇದನ್ನು ಕೇಳಿ ನೀವು ನನ್ನ ಎರಡೂ ಕೈ ಹಿಡಿದುಕೊಂಡಿರಿ. "ನಾವು ಹೆಂಗಸರು ಕಳಕೊಂಡ ರಂಗಭೂಮಿ ಅಂದ್ರೆ ಇದೇ. ಅಲ್ಲಿ ತಾಯಿಗೂ ಜಾಗ ಇತ್ತು" ಎಂದಿರಿ. 'ಪಾರ್ವತೆವ್ವನ ಪಾರ್ಟು' ಹುಟ್ಟಿದ್ದು ಹೀಗೆ. ಆ ಪಾರ್ಟು ನನ್ನದು. ಬೆಂಗಳೂರಲ್ಲಿ ಮೊದಲ ಪ್ರದರ್ಶನ, ಆಮೇಲೆ ಇಂಗ್ಲೆಂಡು, ನಿಮ್ಮ ಲೀಡ್ಸ್.

ನಿನ್ನೆ ಅಕ್ತರ್ ಆ ಅಳು ಹಾಕಿದಾಗ ಏನಾಯಿತೆಂದು ನೀವು ನೋಡಿದಿರಿ. ಮಗಳು ಪಾರು ಹೊರಗೆ ಜಗಲಿಯ ಮೇಲೆ ಅಜ್ಜಿಯ ತೊಡೆಯಲ್ಲಿ ಹಾಯಾಗಿ ಮಲಗಿದ್ದಳು. ನನ್ನ ಮೈಗೆ ಅದು ಗೊತ್ತಾಗಲಿಲ್ಲ. ಸ್ಪೀಕರಿನಿಂದ ಅಳು ಬಂದದ್ದೇ ತಡ, ಎದೆ ಬಿಗಿದು ಹಾಲು ಸುರಿದು ಕುಪ್ಪಸವೆಲ್ಲ ನೆನೆಯಿತು. ನಮ್ಮ ತಂಡದ ಮಾಹಿರಾ ಓಡಿ ಬಂದು ತನ್ನ ದುಪಟ್ಟಾ ಹೊದಿಸಿದಳು. ನೀವು ಅಂದಿದ್ದು, "ಕಾಸ್ಟ್ಯೂಮಿಗೆ ಇನ್ನೊಂದು ಜೊತೆ ಹೊಲಿಸಬೇಕಾಗುತ್ತೆ."

ಆಟೋದಲ್ಲಿ ಅಜ್ಜಿ ಕೇಳಿದಳು: "ಅಲ್ಲ ತಂಗಿ, ಕೂಸು ಇಲ್ಲೇ ನನ್ನ ತೊಡಿ ಮ್ಯಾಲ ಐತಿ. ಮತ್ತ ಒಳಗ ಆ ಡಬ್ಬಿ ಯಾಕ ಅಳಾಕತ್ತಿತ್ತು?" ಪಾರುನ ಅಪ್ಪ ರವಿಕಿರಣ ಮನೆಯಲ್ಲಿ ಸುದ್ದಿ ಕೇಳಿ ನಕ್ಕ: "ಡಬ್ಬಿಗೆ ಡೈಪರ್ ಖರ್ಚಿಲ್ಲ ನೋಡಜ್ಜಿ, ಅದಕ್ಕ."

ಪಾರುನ ಕರೆತರಲು ಬಿಡಿ. ನಾನೇ ಜೋಳಿಗೆ ಕಟ್ಟುತ್ತೇನೆ. ಅತ್ತರೆ ಹೋಗಿ ಬರುತ್ತೇನೆ. ನಿಮ್ಮ ನಾಟಕದಲ್ಲಿ ಬರೆದಿರುವುದೂ ಅದೇ ತಾನೇ?

ಉತ್ತರಕ್ಕೆ ಕಾಯುವ,
ಪ್ರತಿಭಾ


ಲೀಡ್ಸ್
30 ಜೂನ್ 2024

ನನ್ನ ಜಾನ್ ಪ್ರತಿಭಾ,

ತಡವಾಯಿತು. ಇಲ್ಲಿ ಒಂದರ ಮೇಲೊಂದು ಸಭೆ. ಅನುದಾನ ಕೊಡುವವರ ಮುಂದೆ ಕೂತು, "ಈ ನಾಟಕ ನಿಮ್ಮ ಪ್ರೇಕ್ಷಕರಿಗೆ ಯಾಕೆ ಬೇಕು" ಎಂದು ಇಪ್ಪತ್ತಾರು ವರ್ಷದಿಂದ ವಿವರಿಸುತ್ತಿದ್ದೇನೆ. ಒಮ್ಮೆಯೂ ಅವರು ತಮ್ಮ ನಾಟಕ ನನಗೆ ಯಾಕೆ ಬೇಕು ಎಂದು ವಿವರಿಸಿಲ್ಲ.

ನಿನ್ನ ಸಿಟ್ಟು ಚೆನ್ನಾಗಿದೆ. ರಂಗದ ಮೇಲೆ ಅಷ್ಟೇ ಸಿಟ್ಟು ಬೇಕು, ಬಚ್ಚಿಟ್ಟುಕೋ. ಈಗ ನನ್ನದನ್ನೂ ಕೇಳು.

ನಾನು ಇಲ್ಲಿಗೆ ಓದಲು ಬಂದಾಗ ಮಗ ಆಸಿಮ್‌ಗೆ ಎರಡೂವರೆ ವರ್ಷ. ಶಿವಾಜಿನಗರದ ಮನೆಯಲ್ಲಿ ಅಮ್ಮಿಯ ಹತ್ತಿರ ಬಿಟ್ಟು ಬಂದೆ. ಬೇರೆ ದಾರಿ ಇರಲಿಲ್ಲ. ಅವನ ಅಬ್ಬಾ ಬಿಟ್ಟು ಹೋಗಿಯಾಗಿತ್ತು. ಮೊದಲ ವರ್ಷಗಳಲ್ಲಿ ಇಲ್ಲಿ ನನಗೆ ಸಿಕ್ಕ ಪಾತ್ರಗಳೆಂದರೆ ಟ್ಯಾಕ್ಸಿ ಓಡಿಸುವವನ ಹೆಂಡತಿ, ಬಾಂಬು ಇಟ್ಟವನ ತಾಯಿ, ಮೂಲೆಯಲ್ಲಿ ಅಳುವ ಹೆಂಗಸು. "ಇನ್ನೂ ಸ್ವಲ್ಪ ಇಂಡಿಯನ್ ಥರ ಮಾತಾಡು" ಎನ್ನುತ್ತಿದ್ದರು. ರಿಚರ್ಡ್ಸ್ ಟೌನಿನ ಕಾನ್ವೆಂಟಿನಲ್ಲಿ ಓದಿದವಳು ನಾನು, ನನ್ನ ಇಂಗ್ಲಿಷು ಅವರಿಗೆ ಸಾಕಷ್ಟು ಕೆಟ್ಟಿರಲಿಲ್ಲ.

ಆಮೇಲೆ 'ಆಯಾ' ಮಾಡಿದೆ. ನಮ್ಮ ದಂಡು ಪ್ರದೇಶದ ಬಂಗಲೆಗಳಿಂದ ದೊರೆಗಳ ಮಕ್ಕಳನ್ನು ಎತ್ತಿಕೊಂಡು ಹಡಗು ಹತ್ತಿದ ಹೆಂಗಸರ ಕಥೆ. ಊರು ಮುಟ್ಟಿದ ಮೇಲೆ ದೊರೆಸಾನಿಯರು ಅವರನ್ನು ಬಂದರಿನಲ್ಲೇ ಬಿಟ್ಟು ಹೋಗುತ್ತಿದ್ದರಲ್ಲ, ಆ ಕಥೆ. ಒಬ್ಬಳೇ ನಿಂತು ಮಾಡಿದೆ. ಅಲ್ಲಿಂದ ನನಗೊಂದು ಹೆಸರು ಬಂತು, ತಂಡ ಬಂತು. ಸ್ತ್ರೀವಾದಿ ರಂಗಭೂಮಿ, ವಸಾಹತೋತ್ತರ ರಂಗಭೂಮಿ ಎಂದು ಅವರು ಪುಸ್ತಕ ಬರೆಯುವಾಗ ನನಗೂ ಒಂದು ಪುಟ ಕೊಟ್ಟರು. ಆ ಪುಟಕ್ಕೆ ನಾನು ಏನು ಕೊಟ್ಟೆ ಎಂದು ಅದರಲ್ಲಿ ಬರೆದಿಲ್ಲ.

ನನಗಾಗಿ ಯಾರೂ ತಾಲೀಮು ನಿಲ್ಲಿಸಲಿಲ್ಲ, ಪ್ರತಿಭಾ. ಜ್ವರದಲ್ಲಿ ಮಗ ಕನವರಿಸುತ್ತಿದ್ದಾನೆ ಎಂದು ಫೋನು ಬಂದ ದಿನವೂ ರಂಗಕ್ಕೆ ಹೋದೆ. ರಂಗ ಯಾರಿಗೂ ಕಾಯುವುದಿಲ್ಲ. ಇದನ್ನು ನಾನು ನಿನಗೆ ಕಲಿಸದಿದ್ದರೆ ಲೀಡ್ಸ್‌ನಲ್ಲಿ ಬೇರೆಯವರು ಕಲಿಸುತ್ತಾರೆ, ಇಷ್ಟು ಪ್ರೀತಿಯಿಂದಲ್ಲ.

ಮಾಹಿರಾಗೆ ನಿನ್ನ ಮಾತುಗಳನ್ನು ಕಲಿಯಲು ಹೇಳಿದ್ದೇನೆ. ನಿನ್ನ ಜಾಗಕ್ಕಲ್ಲ, ಒಂದು ವೇಳೆ ಬೇಕಾದೀತು ಎಂದು. ಅವಳು ನಿಮ್ಮ ಮನೆಗೆ ಬಂದು ಅಜ್ಜಿಯ ಜೊತೆ ಸ್ವಲ್ಪ ಕೂರಲಿ. ಅಜ್ಜಿ ನಿಲ್ಲುವುದು, ಕೂರುವುದು, ಕೂಸನ್ನು ಎತ್ತುವುದು ನೋಡಲಿ. ಇಲ್ಲ ಅನ್ನಬೇಡ.

ನಿನ್ನ ಆಪಾ,
ನಾಜಿಶ್


ಹಲಸೂರು
9 ಆಗಸ್ಟ್ 2024

ನಾಜಿಶ್ ಆಪಾ,

ಇಲ್ಲ ಅನ್ನಲಿಲ್ಲ. ಇಡೀ ಜುಲೈ ಮಾಹಿರಾ ಬಂದಳು, ಹೋದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಬರುವಾಗ ಫ್ರೇಜರ್ ಟೌನಿನಿಂದ ಬನ್ನು ತರುತ್ತಿದ್ದಳು, ಪಾರುನ ಆಡಿಸುತ್ತಿದ್ದಳು. ಅಜ್ಜಿಯೂ ಅವಳೂ ಭಾರೀ ಜೋಡಿ.

"ಅಜ್ಜಿ, ನೀವು ಸೊಂಟದ ಮೇಲೆ ಕೈ ಇಟ್ಕೊಳ್ತಿದ್ರಲ್ಲ, ಒಂದ್ಸಲ ತೋರಿಸ್ತೀರಾ?"

"ಕೈ ತೋರಸ್ತೀನವಾ, ಸೊಂಟಾ ಎಲ್ಲಿಂದ ತರ್ಲಿ?"

"ಹೀಗಾ ಅಜ್ಜಿ?"

"ಹಂಗ ನಿಂತ್ರ ನಾಯಕಿ ಅನ್ನೂದಿಲ್ಲ. ಬಸ್ಸಿಗೆ ನಿಂತಾಳ ಅಂತಾರ."

ನಾನು ಅಡುಗೆಮನೆಯಲ್ಲಿ ನಿಂತು ಇದನ್ನು ಕೇಳುತ್ತ ನಗುತ್ತಿದ್ದೆ. ನಗುತ್ತ ನಗುತ್ತಲೇ ನನ್ನ ಪಾರ್ಟು ಒಂದೊಂದು ಬೆರಳಾಗಿ ನನ್ನ ಕೈಯಿಂದ ಜಾರುವುದನ್ನು ನೋಡುತ್ತಿದ್ದೆ. ನಿಮ್ಮ 'ಒಂದು ವೇಳೆ' ಎಂದರೆ ಏನೆಂದು ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ?

ನೀವು 'ಆಯಾ' ಬಗ್ಗೆ ಬರೆದಿರಿ. ಆ ನಾಟಕದ ವಿಡಿಯೋವನ್ನು ನಾನು ಕಾಲೇಜಿನಲ್ಲಿ ನೋಡಿದ್ದೆ. ಅದನ್ನು ನೋಡಿಯೇ ನಟಿಯಾಗಬೇಕು ಅಂದುಕೊಂಡವಳು. ಸ್ವಂತ ಕೂಸನ್ನು ಔಟ್‌ಹೌಸಿನಲ್ಲಿ ಬಿಟ್ಟು ದೊರೆಯ ಕೂಸಿಗೆ ಲಾಲಿ ಹಾಡುವ ಹೆಂಗಸು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಈಗ ಹೇಳಿ ಆಪಾ, ಅಂಥದೇ ಒಂದು ಔಟ್‌ಹೌಸಿನಲ್ಲಿ ನಿಂತು, ಅಂಥದೇ ಮಾತನ್ನು ನನಗೆ ಹೇಳಿದ್ದು ಯಾರು? ದೊರೆಸಾನಿಯ ಪಾರ್ಟು ಇಷ್ಟು ಸಲೀಸಾಗಿ ಬರುತ್ತದೆಂದು ನಿಮಗೇ ಗೊತ್ತಿರಲಿಲ್ಲವೇನೋ. ನಿಮಗೆ ಯಾರೂ ಕಾಯಲಿಲ್ಲ, ಸರಿ. ಅದು ಅನ್ಯಾಯ. ಅನ್ಯಾಯವನ್ನು ಜೋಪಾನವಾಗಿ ಎತ್ತಿಟ್ಟು ಕಿರಿಯರಿಗೆ ಹಂಚುವುದಕ್ಕೆ ನೀವು ಪ್ರೀತಿ ಅಂತ ಹೆಸರಿಟ್ಟಿದ್ದೀರಿ.

ಇದಿಷ್ಟನ್ನೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಸೋಮವಾರ ಇನ್ನೊಂದು ನಡೆಯಿತು. ಯಾರಿಗಾದರೂ ಹೇಳದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಅಜ್ಜಿ ಮೆಂತ್ಯ ಪಲ್ಲೆ ಸೋಸುತ್ತ ಕೂತಿದ್ದಳು. ಪಕ್ಕದಲ್ಲಿ ಮಾಹಿರಾ. ಹುಡುಗಿ ಸುಮ್ಮನೆ ಕೇಳಿದಳು, "ಅಜ್ಜಿ, ಪಾಪು ಅತ್ತಾಗೆಲ್ಲ ಒಳಗೆ ಹೋಗ್ಬಿಡ್ತಿದ್ರಲ್ಲ, ಜನ ಏನೂ ಅಂತಿರಲಿಲ್ವಾ?"

"ಅತ್ತಾಗೆಲ್ಲ?" ಅಜ್ಜಿ ನಕ್ಕಳು. "ಯವ್ವಾ, ಅತ್ತಾಗೆಲ್ಲ ಒಳಗ ಹೋಗಿದ್ರ ಮಾಲೀಕ ನನ್ನ ಕಂಪನೀ ಬಿಡಸ್ತಿದ್ದ. ಅದು ಒಮ್ಮೆ ಆಗಿದ್ದು. ಗಜೇಂದ್ರಗಡದ ಕ್ಯಾಂಪಿನ್ಯಾಗ. ಆಗ ಮಾಸ್ತರ ಹಾಡು ಎಳದು ಮಾನ ಉಳಿಸಿದ."

"ಮತ್ತೆ ಉಳಿದ ದಿನ?"

"ಉಳಿದ ದಿನ ಗುಳಿಗಿ."

"ಯಾವ ಗುಳಿಗೆ?"

"ಅಫೀಮಿಂದು. ಸಾಸಿವಿ ಕಾಳಿನಷ್ಟು. ಮೊಲಿಗೆ ಹಚ್ಚಿ ಕುಡಿಸಿಬಿಟ್ರ ಮಂಗಳ ಹಾಡೂತನಕ ಕೂಸು ಮಿಸುಕ್ತಿದ್ದಿಲ್ಲ. ಕಂಪನ್ಯಾಗ ಎಲ್ಲಾ ಹೆಂಗಸರೂ ಹಾಕೋರು."

ಅಜ್ಜಿ ಇನ್ನೊಂದು ಕಟ್ಟು ಪಲ್ಲೆ ಬಿಚ್ಚಿದಳು. ಆಮೇಲೆ ಅಜ್ಜಿಯೇ ಅಂದಳು, "ಮೊದಲನೇದು ಗಂಡು. ಭಾಳ ಅಳ್ತಿತ್ತು, ಅವತ್ತು ಒಂದೀಟು ಹೆಚ್ಚು ಹಾಕಿದ್ನೋ ಏನೋ. ಮಂಗಳ ಹಾಡಿ, ಬಣ್ಣದ ಮುಖದಾಗ ಬಂದು ಎತ್ತಿಕೊಂಡೆ. ಏಳಲಿಲ್ಲ." ನನ್ನ ಕಡೆ ತಿರುಗಿ, "ಬ್ಯಾಳಿಗೆ ಉಪ್ಪು ಹಾಕಿಯೇನು?" ಎಂದು ಕೇಳಿದಳು.

ನನ್ನ ಅವ್ವನೇ ಅಜ್ಜಿಯ ಮೊದಲ ಮಗು ಎಂದು ನಾವೆಲ್ಲ ತಿಳಿದಿದ್ದೆವು. ಅವ್ವನಿಗೂ ಹಾಗೇ ಗೊತ್ತು. ಹಾರ್ಮೋನಿಯಂ ಮಾಸ್ತರರ ಕಥೆಯನ್ನು ಕೇಳಿ ಕೇಳಿ ಬೆಳೆದವಳು ನಾನು. ಒಂದು ದಿನದ ಕಥೆಯನ್ನು ಅಜ್ಜಿ ಎಲ್ಲ ದಿನಗಳ ಮೇಲೆ ಹೊದಿಸಿಟ್ಟಿದ್ದಳು. ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಮೊದಲೂ ಇರಲಿಲ್ಲ ಬಿಡಿ, ಈಗ ರೆಪ್ಪೆ ಮುಚ್ಚುವುದಕ್ಕೇ ಹೆದರಿಕೆ. ಪಾರು ಒಂದು ಗಳಿಗೆ ಹೆಚ್ಚು ಮಲಗಿದರೆ ಎಬ್ಬಿಸಿಬಿಡುತ್ತೇನೆ. ರವಿಕಿರಣ ಬೈಯುತ್ತಾನೆ, "ಮಲಗಿದ ಕೂಸಿನ ಎಬ್ಬಿಸಿ ಅಳಸೋ ತಾಯಿ ನೀ ಒಬ್ಬಾಕಿನ." ಅವನಿಗೆ ಹೇಳಲೂ ಆಗಿಲ್ಲ.

ಆಪಾ, ನನಗೆ ಭಯವಾಗುತ್ತಿದೆ.

ಪ್ರತಿಭಾ


ಲೀಡ್ಸ್
13 ಆಗಸ್ಟ್ 2024

ಪ್ರತಿಭಾ,

ನಿನ್ನ ಪತ್ರವನ್ನು ನಿಂತುಕೊಂಡೇ ಓದಿದೆ, ಆಮೇಲೆ ಕೂರಲಾಗಲಿಲ್ಲ. ನಾವು ಇಷ್ಟು ದಿನ ಮಾಡುತ್ತಿದ್ದದ್ದು ಸುಂದರ ಸುಳ್ಳು. ನಾಟಕ ಇರುವುದು ನಿನ್ನ ಮೂರನೆಯ ಪುಟದಲ್ಲಿ. ಅದನ್ನು ಒಂದಕ್ಷರವೂ ಬದಲಿಸದೆ ಸ್ಕ್ರಿಪ್ಟಿಗೆ ಸೇರಿಸಿದ್ದೇನೆ, ಬೇಳೆಗೆ ಉಪ್ಪು ಹಾಕಿದೆಯಾ ಎನ್ನುವ ತನಕ.

ಗುಳಿಗೆಯ ದೃಶ್ಯ ಮಾಹಿರಾ ಕೈಲಿ ಆಗುವುದಿಲ್ಲ. ನೀನೇ ಬೇಕು. ಪಾರುನ ಕರೆದುಕೊಂಡು ಬಾ, ಜೋಳಿಗೆ ಕಟ್ಟು, ಏನು ಬೇಕೋ ಮಾಡು. ಲೀಡ್ಸ್‌ಗೂ ಅವಳ ಟಿಕೆಟ್ಟಿಗೆ ಹೇಳುತ್ತೇನೆ. ಕಥಾಸಾರ ಬದಲಿಸಿ ಇಲ್ಲಿಯವರಿಗೆ ಕಳಿಸಿದೆ. "ಇಂಥದನ್ನು ನಮ್ಮ ರಂಗದ ಮೇಲೆ ಯಾರೂ ತಂದಿಲ್ಲ" ಎಂದು ಅರ್ಧ ಗಂಟೆಯಲ್ಲಿ ಉತ್ತರ ಬಂತು.

ಅಕ್ಟೋಬರಿನಲ್ಲಿ ಬರುತ್ತೇನೆ. ನಿದ್ದೆ ಮಾಡು.

ನಾಜಿಶ್


ಹಲಸೂರು
6 ಸೆಪ್ಟೆಂಬರ್ 2024

ನಾಜಿಶ್ ಆಪಾ,

ನೀವು ಮೂರು ಸಲ ಫೋನು ಮಾಡಿದಿರಿ. ಎತ್ತಲಿಲ್ಲ. ಕಾಗದದ ಮೇಲೇ ಹೇಳುತ್ತೇನೆ, ನಿಮಗೆ ಅದೇ ಇಷ್ಟ ತಾನೇ.

'ಇದು ನಾಟಕಕ್ಕಲ್ಲ' ಎಂದು ನಾನು ಮೇಲೊಂದು ಸಾಲು ಬರೆಯಬೇಕಿತ್ತು ಅಲ್ಲವೇ? ಬರೆಯಲಿಲ್ಲ. ಅಕ್ಕನಿಗೆ ಬರೆಯುವಾಗ ಯಾರು ಹಾಗೆ ಬರೆಯುತ್ತಾರೆ? ಭಯವಾಗುತ್ತಿದೆ ಎಂದು ಬರೆದೆ. ನೀವು ಪುಟದ ಸಂಖ್ಯೆ ಹೇಳಿದಿರಿ. ಇಷ್ಟು ದಿನ ಕೂಸು ಬೇಡವಾಗಿತ್ತು, ಈಗ ಬಾ ಅನ್ನುತ್ತಿದ್ದೀರಿ. ಯಾವ ಬೆಲೆಗೆ ಅಂತ ನನಗೆ ತಿಳಿಯುವುದಿಲ್ಲವೇ? ಜೀವಂತ ಕೂಸು ಒಳಗೆ ಬರಬೇಕಾದರೆ ಸತ್ತ ಕೂಸನ್ನು ಬಾಗಿಲಲ್ಲಿ ಕೊಡಬೇಕು.

ಅಜ್ಜಿಗೆ ಹೇಳದೆ ನಾನು ಉತ್ತರಿಸುವಂತಿರಲಿಲ್ಲ. ಪಾರುನ ಕರೆದುಕೊಂಡು ಬೆಳಿಗ್ಗೆ ಕೆರೆಯ ಪಕ್ಕ ಹೋಗಿ ಕೂತೆವು. ನಿಮ್ಮ ಪತ್ರ ಓದಿ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ಏನು ತೋರಸ್ತಾಳಂತ ಆಕಿ? ನಾ ಗುಳಿಗಿ ಹಾಕೂದು?"

"ಹೂಂ ಅಜ್ಜಿ."

"ಹಾಕಿದ್ದು ತೋರಸ್ತೀರಿ. ಯಾಕ ಹಾಕಿದ್ಲು ಅನ್ನೂದನ್ನ ತೋರಸಾವ್ರು ಯಾರು?" ಪಕ್ಕದ ಕಲ್ಲುಬೆಂಚಿನವರು ತಿರುಗಿ ನೋಡುವಷ್ಟು ದನಿ ಏರಿತ್ತು. "ಕೂಸು ಅತ್ರ ಸೀಟಿ ಹೊಡೀತಿದ್ರು ತಂಗಿ. 'ಅದರ ಬಾಯಿ ಮುಚ್ಚಸ್ರೀ, ರೊಕ್ಕಾ ಕೊಟ್ಟು ಬಂದೇವಿ' ಅಂತಿದ್ರು. ರಾತ್ರಿ ಇಡೀ ಕುಂತು ನಾಟಕಾ ನೋಡ್ತಿದ್ರು, ಒಂದು ಕೂಸು ಹಾಲು ಕುಡಿಯೂತನಕ ಕಾಯಾಕ ಅವರಿಗೆ ಆಗ್ತಿದ್ದಿಲ್ಲ. ಮಾಲೀಕ ಒಳಗ ಬಂದು ಕಣ್ಣು ಬಿಡ್ತಿದ್ದ. ನಾ ಒಬ್ಬಾಕಿ ಹಾಕಿದ್ನೇನು ಆ ಗುಳಿಗಿ?"

ಆಮೇಲೆ ಪಾರುನ ತನ್ನ ತೊಡೆಗೆ ಎಳೆದುಕೊಂಡು, "ಆ ಹುಡಿಗಿಗೆ ಹೇಳಿದ್ನಿ, ಯಾಕಂದ್ರ ಆಕಿ ಕೇಳಿದ್ಲು. ಇಷ್ಟು ವರ್ಷ ನೀವ್ಯಾರೂ ಕೇಳಲಿಲ್ಲ" ಎಂದಳು. ಅದು ನನಗೆ ಹೇಳಿದ್ದು, ನಿಮಗಲ್ಲ. ಆದರೂ ಬರೆಯುತ್ತಿದ್ದೇನೆ.

ಲೀಡ್ಸಿನ ಜನ ಗುಳಿಗೆಯ ದೃಶ್ಯ ನೋಡುತ್ತಾರೆ. ಕಣ್ಣೊರೆಸಿಕೊಳ್ಳುತ್ತಾರೆ. 'ಪಾಪ, ಆ ದೇಶದ ಹೆಂಗಸರು' ಎಂದು ಮನೆಗೆ ಹೋಗುತ್ತಾರೆ. ಹಡಗುಗಟ್ಟಲೆ ಅಫೀಮು ಮಾರಿ ಯಾರ ಊರು ಕೊಬ್ಬಿತ್ತು ಎಂದು ಅವರಲ್ಲಿ ಒಬ್ಬರಿಗೂ ನೆನಪಾಗುವುದಿಲ್ಲ. ಇಲ್ಲಿ ಇಂದಿರಾನಗರದವರೂ ಹಾಗೇ ಕಣ್ಣೊರೆಸಿಕೊಂಡು, ಕಾಫಿ ಕುಡಿದು ಹೋಗುತ್ತಾರೆ. ಬಾಂಬು ಇಟ್ಟವನ ತಾಯಿಯ ಪಾರ್ಟನ್ನು ನಿಮಗೆ ಕೊಟ್ಟರು ಎಂದು ಇವತ್ತಿಗೂ ಉರಿದುಬೀಳುತ್ತೀರಿ. ಕೂಸಿಗೆ ವಿಷ ಹಾಕಿದ ತಾಯಿಯ ಪಾರ್ಟನ್ನು ನನ್ನ ಅಜ್ಜಿಗೆ ಕೊಡಲು ಹೊರಟವರು ನೀವು.

ನನ್ನ ಮಾತು ಇಷ್ಟೇ. ಗುಳಿಗೆ ಇರಬಾರದು. ರೆಕಾರ್ಡಿನ ಅಳು ಇರಬಾರದು. ಹಾರ್ಮೋನಿಯಂ ಕೂಡ ಬೇಡ, ಅದು ಒಂದು ದಿನದ ಮಾತು. ಆ ಜಾಗಕ್ಕೆ ಬಂದಾಗ ನಾನು ರಂಗ ಬಿಟ್ಟು ಸೈಡ್‌ವಿಂಗಿಗೆ ಹೋಗುತ್ತೇನೆ. ಅಲ್ಲಿ ಪಾರು ಇರುತ್ತಾಳೆ. ರಂಗ ಖಾಲಿ. ಪ್ರೇಕ್ಷಕರ ಕಡೆಯ ದೀಪಗಳು ಹೊತ್ತಲಿ. ನನ್ನ ಕೆಲಸ ಮುಗಿದಾಗ ಬರುತ್ತೇನೆ. ಎಷ್ಟು ಹೊತ್ತು ಅಂತ ಕೇಳಬೇಡಿ. ಒಂದು ಸಲವಾದರೂ ಟಿಕೀಟು ತಗೊಂಡವರು ಕಾಯಲಿ.

ಇದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಮಾಹಿರಾ ಮಾಡಲಿ. ಆದರೆ ಪಾರ್ವತೆವ್ವ ಎನ್ನುವ ಹೆಸರು, ನನ್ನ ಪತ್ರದ ಒಂದು ಸಾಲು ಕೂಡ, ಅದರಲ್ಲಿ ಇರಕೂಡದು.

ಪ್ರತಿಭಾ


ಲೀಡ್ಸ್
29 ಸೆಪ್ಟೆಂಬರ್ 2024

ಪ್ರತಿಭಾ,

ಖಾಲಿ ರಂಗ ಎಷ್ಟು ಕ್ರೂರ ಎಂದು ನಿನಗೆ ಗೊತ್ತಿಲ್ಲ. ಒಂದು ನಿಮಿಷಕ್ಕೆ ಕೆಮ್ಮು ಶುರುವಾಗುತ್ತದೆ, ಎರಡಕ್ಕೆ ಫೋನು ತೆಗೆಯುತ್ತಾರೆ. ಆಮೇಲೆ ಜನ ನಿನ್ನವರಲ್ಲ. ಇಲ್ಲಿನ ರಂಗಮಂದಿರದವರು 'ಎಷ್ಟು ಹೊತ್ತು ಅಂತ ಕೇಳಬೇಡಿ' ಎನ್ನುವ ನಾಟಕವನ್ನು ಒಪ್ಪುವುದಿಲ್ಲ. ಅವರಿಗೆ ಪ್ರತಿ ದೃಶ್ಯದ ಅಳತೆ ಬೇಕು.

ಬೆಂಗಳೂರಿನಲ್ಲಿ ಮಾಡು. ಅದೊಂದು ಪ್ರದರ್ಶನ ನಿನ್ನದು. ಗುಳಿಗೆ ತೆಗೆದಿದ್ದೇನೆ. ಲೀಡ್ಸ್ ವಿಷಯ ಆಮೇಲೆ ನೋಡೋಣ.

ಇನ್ನೊಂದು. ಶಿವಾಜಿನಗರಕ್ಕೆ, ಆಸಿಮ್‌ಗೆ ಫೋನು ಮಾಡಿದ್ದೆ. ಅಮ್ಮಿಯ ಮನೆಯಲ್ಲೇ ಇದ್ದಾನೆ, ಅಂಗಡಿ ನೋಡಿಕೊಳ್ಳುತ್ತಾನೆ. ಏನು ತೋಚಿತೋ, ನನ್ನ ಬಗ್ಗೆ ನೀನು ಬರೆದದ್ದನ್ನೆಲ್ಲ ಅವನಿಗೆ ಓದಿ ಹೇಳಿದೆ. ಅನ್ಯಾಯವನ್ನು ಎತ್ತಿಟ್ಟು ಹಂಚುವ ಮಾತನ್ನೂ. ನಡುವೆ ಗಿರಾಕಿ ಬಂದರೂ ಫೋನು ಇಡದೆ ಪೂರ್ತಿ ಕೇಳಿದ. ಕೇಳಿ, "ಚೆನ್ನಾಗಿದೆ ಮೇಡಂ. ನಿಮ್ಮ ಹೊಸ ನಾಟಕಾನಾ?" ಎಂದ.

ಮೇಡಂ ಅಂದ.

ಇದನ್ನು ನಾನು ಯಾವ ಸ್ಕ್ರಿಪ್ಟಿಗೂ ಸೇರಿಸುವುದಿಲ್ಲ.

ನಾಜಿಶ್


ಹಲಸೂರು
18 ನವೆಂಬರ್ 2024

ನಾಜಿಶ್ ಆಪಾ,

ನೀವು ಅಕ್ತರ್ ಕೈಲಿ ಕೊಟ್ಟುಹೋದ ಚೀಟಿ ಸಿಕ್ಕಿತು. ಪ್ರದರ್ಶನ ಮುಗಿದ ಮೇಲೆ ಬಂದು ಮಾತಾಡುತ್ತೀರಿ ಎಂದು ಬಣ್ಣ ತೊಳೆಯದೆ ಕಾದಿದ್ದೆ. ವಿಮಾನಕ್ಕೆ ಹೊತ್ತಾಯಿತೆಂದು ಹೋಗಿಬಿಟ್ಟಿರಂತೆ. ಚೀಟಿಯಲ್ಲಿ ಎರಡೇ ಸಾಲು: 'ಲೀಡ್ಸ್‌ನಲ್ಲಿ ಹೀಗೆ ಮಾಡಲು ಬಿಡುವುದಿಲ್ಲ. ಅಷ್ಟು ಹೊತ್ತು ಯಾಕೆ ಬರಲಿಲ್ಲ?'

ಮೊದಲನೆಯದಕ್ಕೆ ಉತ್ತರ ಸುಲಭ. ಬಿಡದಿದ್ದರೆ ಲೀಡ್ಸ್‌ಗೆ ನಾನಿಲ್ಲ. ಮಾಹಿರಾಳೂ ಇಲ್ಲವಂತೆ, ನಿನ್ನೆ ಬಂದಿದ್ದಳು, "ಆ ಪಾರ್ಟ್ ನನ್ನ ಕೈಲಾಗಲ್ಲ ಪ್ರತಿಭಾ, ಆಪಾಗೆ ನಾನೇ ಹೇಳ್ತೀನಿ" ಎಂದಳು. ನಾನು ಹೇಳಿಕೊಟ್ಟದ್ದಲ್ಲ. ನನಗೆ ಹೋಗುವ ಆಸೆ ಇಲ್ಲವೆಂದು ತಿಳಿಯಬೇಡಿ. ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದೇನೆ, ಪಾರುಗೂ. ಬೀರುವಿನ ಬಾಗಿಲು ತೆಗೆದಾಗೆಲ್ಲ ಎರಡನ್ನೂ ತೆರೆದು ನೋಡುತ್ತೇನೆ. ನಾನು ಕೇಳಿದ್ದು ಏನು ಆಪಾ? ರಾಜ್ಯವೇ? ಒಂದಿಷ್ಟು ಹೊತ್ತು.

ಎರಡನೆಯದನ್ನು ಯಾರಿಗೂ ಹೇಳಿಲ್ಲ. ನೀವು ಕೇಳಿದ್ದೀರಿ, ಹೇಳುತ್ತೇನೆ.

"ತಡೀರಿ ಮಹಾರಾಜ, ದೇವರಿಗೆ ದೀಪ ಹಚ್ಚಿ ಬರ್ತೀನಿ" ಎಂದು ನಾನು ಒಳಗೆ ಬಂದಾಗ ಹೊರಗೆ ದೀಪಗಳು ಹೊತ್ತಿಕೊಂಡವು. ಮೊದಲು ಜನ ನಕ್ಕರು, ಇದೂ ನಾಟಕದ ಒಂದು ತಮಾಷೆ ಎಂದುಕೊಂಡು. ಆಮೇಲೆ ನೀವು ಹೇಳಿದ ಹಾಗೆಯೇ ಕೆಮ್ಮು. ಕುರ್ಚಿಗಳು ಕಿರುಗುಟ್ಟಿದವು. ಯಾರೋ, "ಇಂಟರ್ವಲ್ಲಾ ಗುರು?" ಎಂದರು. ಇನ್ಯಾರೋ, "ಮೇಡಂ, ನಮಗೂ ಮನೆ ಇದೆ" ಎಂದರು. ಕೊನೆಗೆ ಹಿಂದಿನ ಸಾಲಿನಿಂದ ಒಂದು ಸೀಟಿ ಬಂತು. ಉದ್ದ ಸೀಟಿ.

ಆಗ ಮೊದಲ ಸಾಲಿನಲ್ಲಿದ್ದ ಅಜ್ಜಿ ಎದ್ದಳಂತೆ. ರವಿಕಿರಣ ಕೈ ಹಿಡಿದು ಕೂರಿಸಲು ನೋಡಿದನಂತೆ, ಬಿಡಿಸಿಕೊಂಡಳಂತೆ. ರಂಗಕ್ಕೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ನಿಂತಳಂತೆ. ಒಂದು ಮಾತೂ ಆಡಲಿಲ್ಲವಂತೆ. ಸುಮ್ಮನೆ ಒಬ್ಬೊಬ್ಬರನ್ನೇ ನೋಡಿದಳಂತೆ. ಕೆಲವರು ಎದ್ದು ಹೋದರು, ನೀವೂ ನೋಡಿರುತ್ತೀರಿ. ಉಳಿದವರು ಫೋನು ಒಳಗಿಟ್ಟರು. ಆಮೇಲೆ ರಂಗಮಂದಿರದಲ್ಲಿ ಸದ್ದೇ ಇರಲಿಲ್ಲ. ಒಳಗಿದ್ದ ನನಗೆ ಅದು ಮಾತ್ರ ಕೇಳಿಸಿತು, ಆ ಸದ್ದಿಲ್ಲದ್ದು.

ಅಷ್ಟರಲ್ಲಿ ಕೂಸು ಅತ್ತಿರಬೇಕು, ನಾನು ಹಾಲು ಕುಡಿಸುತ್ತಿರಬೇಕು ಎಂದೇ ಎಲ್ಲರೂ ತಿಳಿದಿದ್ದಾರೆ. ಅಜ್ಜಿಯೂ. ನೀವೂ ಹಾಗೇ ತಿಳಿದಿರಬಹುದು.

ಪಾರು ಅಳಲೇ ಇಲ್ಲ ಆಪಾ. ನಾನು ಬರುವ ಹೊತ್ತಿಗೆ ಜೋಳಿಗೆಯಲ್ಲಿ ನಿದ್ದೆ ಹೋಗಿದ್ದಳು. ಒಂದು ಕೈ ಹೊರಗೆ ಜೋತುಬಿದ್ದಿತ್ತು. ಒಂದು ಸಲ ನೋಡಿ ತಿರುಗಿ ಹೋಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಬಣ್ಣದ ಮುಖದಲ್ಲೇ ಬಗ್ಗಿ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ಬಂತು. ಸರಿ, ಇನ್ನೊಂದು ನೋಡಿ ಹೋಗೋಣ ಎಂದುಕೊಂಡೆ. ಅದೂ ಬಂತು. ಆಗ ಮುಂದಿನ ಉಸಿರಿಗೆ ಬೆರಳು ಹಿಡಿದೇ ನೆಲದ ಮೇಲೆ ಕೂತುಬಿಟ್ಟೆ.

ಪ್ರತಿಭಾ